ನಾಲ್ಕನೇ ಪ್ರತಿವಾದಿ

ಕೆ. ಹೊಸಕೋಟೆಯ ನಂಜುಂಡನ ಹೆಸರಿಗೆ ನೋಟೀಸು ಬಂದಾಗ ಸಹಿ ಹಾಕಿ ತೆಗೆದುಕೊಂಡವಳು ಅವನ ಹೆಂಡತಿ ಗಂಗಾಮಣಿ. ಅವನ ಮೇಲೆ ಕೇಸು ಹಾಕಿದವಳೂ ಅವಳೇ.

ಅಂಚೆಯ ಸಿದ್ದಬಸಪ್ಪನಿಗೆ ಇದೇನೂ ಗೊತ್ತಿರಲಿಲ್ಲ. ರಿಜಿಸ್ಟರ್ ಲಕೋಟೆ ಹಿಡಿದು ಬಾಗಿಲಲ್ಲಿ ನಿಂತು, "ಯಜಮಾನ್ರಿಲ್ವೇನಕ್ಕ?" ಅಂದ.

"ಆಲೂರಿಗೆ ಹೋಗವ್ರೆ. ಕೊಡಿಲ್ಲಿ, ನಾನೇ ತಗೋತೀನಿ" ಅಂದಳು ಊಟದ ಹೊತ್ತಿಗೆ ಕಚೇರಿಯಿಂದ ಮನೆಗೆ ಬಂದಿದ್ದ ಗಂಗಾಮಣಿ.

ಗಂಡನ ಹೆಸರಿಗೆ ಬಂದ ವಿಮೆ ಕಾಗದ, ಸೊಸೈಟಿ ಕಾಗದ, ಮದುವೆ ಕರೆಯೋಲೆ ಎಲ್ಲವನ್ನೂ ಇಷ್ಟು ವರ್ಷ ಅವಳೇ ತೆಗೆದುಕೊಂಡಿದ್ದಳು. ಇದನ್ನೂ ತೆಗೆದುಕೊಂಡಳು. ಸಂಜೆ ಅವನು ಬಂದು ಕೈಕಾಲು ತೊಳೆದು ಕೂತಾಗ ಕಾಫಿ ಲೋಟದ ಪಕ್ಕ ಇಟ್ಟು, "ನಿಮ್ಮದು ಬಂತು" ಅಂದಳು. ಅಷ್ಟೇ. ಆಮೇಲೆ ಒಲೆಯ ಮೇಲಿನ ಸಾರು ನೋಡಲು ಒಳಗೆ ಹೋದಳು.

ಗಂಡ, ಹೆಂಡತಿ, ಕೋರ್ಟು ಅಂದ ಕೂಡಲೇ ನಮ್ಮ ಜನಕ್ಕೆ ಹೊಳೆಯುವುದು ಒಂದೇ. ಅಂಥದ್ದೇನೂ ಅಲ್ಲ, ಕೇಳುವವರು ಅವಸರ ಮಾಡಬಾರದು. ಇವರಿಬ್ಬರ ನಡುವೆ ಇದ್ದದ್ದು ಬಡ್ತಿಯ ಕೇಸು.

ನಂಜುಂಡನೂ ಗಂಗಾಮಣಿಯೂ ಕಂದಾಯ ಇಲಾಖೆಯಲ್ಲಿ ದ್ವಿತೀಯ ದರ್ಜೆ ಸಹಾಯಕರಾಗಿದ್ದವರು. ಅವಳು ಅವನಿಗಿಂತ ಎರಡು ವರ್ಷ ಮೊದಲು ಕೆಲಸಕ್ಕೆ ಸೇರಿದವಳು. ಅವನು ಹೊಸದಾಗಿ ಬಂದಾಗ ಟಪಾಲು ಹೇಗೆ ಮಾಡಬೇಕು, ಕಡತಕ್ಕೆ ದಾರ ಹೇಗೆ ಕಟ್ಟಬೇಕು, ಮೇಲಿನವರು ಬೈದರೆ ಮುಖ ಹೇಗೆ ಇಟ್ಟುಕೊಳ್ಳಬೇಕು ಎಲ್ಲ ಹೇಳಿಕೊಟ್ಟವಳು ಅವಳೇ. ಹೇಳಿಕೊಡುತ್ತಾ ಹೇಳಿಕೊಡುತ್ತಾ ಮದುವೆಯೂ ಆಗಿಹೋಯಿತು. ಇಲಾಖೆಯ ಜ್ಯೇಷ್ಠತಾ ಪಟ್ಟಿಯಲ್ಲಿ ಅವಳ ಹೆಸರು ಮೇಲೆ, ಅವನದು ಕೆಳಗೆ. ಆದರೆ ಪಟ್ಟಿಯಲ್ಲಿ ಮೇಲಿದ್ದ ಮಾತ್ರಕ್ಕೆ ಯಾರಿಗೂ ಪ್ರಥಮ ದರ್ಜೆಗೆ ಏರಲಾಗುವುದಿಲ್ಲ. ಇಲಾಖಾ ಪರೀಕ್ಷೆ ಪಾಸಾಗಿರಬೇಕು.

ಆ ಪರೀಕ್ಷೆಯ ಕೆಲವು ಪತ್ರಿಕೆಗಳಿಗೆ ಪುಸ್ತಕವನ್ನು ಒಳಗೇ ಒಯ್ಯಬಹುದು. ಪುಸ್ತಕ ನೋಡಿ ಬರೆಯುವುದಾದರೆ ಯಾರು ಬೇಕಾದರೂ ಪಾಸಾಗುತ್ತಾರೆ ಅನ್ನುವ ಮಹಾನುಭಾವರು ಆ ಪುಸ್ತಕವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ನಿಯಮ, ನಿಯಮಕ್ಕೊಂದು ಉಪನಿಯಮ, ಅದಕ್ಕೊಂದು ತಿದ್ದುಪಡಿ, ತಿದ್ದುಪಡಿಗೊಂದು ಟಿಪ್ಪಣಿ. ಎಲ್ಲಿ ಏನಿದೆ ಎಂದು ಗೊತ್ತಿಲ್ಲದವನು ಒಳಗೆ ಹೊಕ್ಕರೆ ಗಂಟೆ ಹೊಡೆಯುವ ತನಕ ಪುಟ ಮಗುಚುತ್ತಲೇ ಇರಬೇಕು. ಗಂಗಾಮಣಿ ಹಳೆಯ ಲಗ್ನಪತ್ರಿಕೆಗಳನ್ನು ಸೀಳಿ ಪಟ್ಟಿ ಮಾಡಿ ಪುಟಪುಟಕ್ಕೂ ಅಂಟಿಸಿದ್ದಳು. ಅಕ್ಕಿರೊಟ್ಟಿ ತಟ್ಟುತ್ತಾ ರಜೆಯ ನಿಯಮ ಹೇಳುತ್ತಿದ್ದಳು, ಮಗಳು ದೀಪಶ್ರೀಗೆ ಜಡೆ ಹಾಕುತ್ತಾ ಪ್ರಯಾಣ ಭತ್ಯೆಯ ನಿಯಮ ಹೇಳುತ್ತಿದ್ದಳು. ನಂಜುಂಡ ಗೋಡೆಗೆ ಒರಗಿ ಹೂಂ ಹೂಂ ಅನ್ನುತ್ತಾ ತೂಕಡಿಸುತ್ತಿದ್ದ.

ಮನೆಯಲ್ಲಿ ಇದ್ದದ್ದು ಆ ಒಂದೇ ಪುಸ್ತಕ. ಇಬ್ಬರಿಗೂ ಒಂದೇ ದಿನ, ಒಂದೇ ಪತ್ರಿಕೆ. ಇನ್ನೊಂದು ಪುಸ್ತಕವನ್ನು ಹಾಸನದ ಬಸ್ ಸ್ಟ್ಯಾಂಡ್ ಹತ್ತಿರ ಇದ್ದ ಪರಿಚಯದವರೊಬ್ಬರ ಮನೆಯಿಂದ ತೆಗೆದುಕೊಂಡು ಹೋಗುವುದು ಎಂದು ಮಾತಾಗಿತ್ತು. ಬೆಳಿಗ್ಗೆ ಬೇಗನೆ ಹೊರಟರು. ಆಲೂರು ದಾರಿಯಲ್ಲಿ ಬಸ್ಸು ನಿಂತಿತು. ತೋಟದಿಂದ ಇಳಿದ ಆನೆಗಳು ರಸ್ತೆ ದಾಟುತ್ತಿದ್ದವು, ಹಿಂಡಿನಲ್ಲಿ ಮರಿ ಬೇರೆ ಇತ್ತು. ಡ್ರೈವರ್ ಇಂಜಿನ್ ಆರಿಸಿ ಕೈಕಟ್ಟಿ ಕೂತ. ಮರಿ ಅತ್ತ ಹೋಗಿ, ಇತ್ತ ಬಂದು, ಮತ್ತೆ ಅತ್ತ ಹೋಗುವ ಹೊತ್ತಿಗೆ ಬಸ್ಸಿನಲ್ಲಿದ್ದವರೆಲ್ಲ ಫೋನಿನಲ್ಲಿ ಫೋಟೋ ತೆಗೆದು ಮುಗಿಸಿದ್ದರು. ಇವರಿಬ್ಬರು ಮಾತ್ರ ಗಡಿಯಾರ ನೋಡುತ್ತಾ ಕೂತಿದ್ದರು. ಹಾಸನದಲ್ಲಿ ಇಳಿದವರು ಪುಸ್ತಕದ ಮನೆ ಕಡೆ ತಲೆ ಹಾಕದೆ ನೇರ ಪರೀಕ್ಷೆಯ ಕಾಲೇಜಿಗೆ ಓಡಿದರು. ಗೇಟಿನಲ್ಲಿ ಗಂಟೆ ಹೊಡೆಯುತ್ತಿತ್ತು.

ಗಂಗಾಮಣಿ ಚೀಲದಿಂದ ಪುಸ್ತಕ ತೆಗೆದು ಅವನ ಕೈಗೆ ಕೊಟ್ಟಳು. "ನೀವು ತಗೊಂಡೋಗಿ. ನಂಗೆ ನೆನಪೈತೆ."

"ನಿಂಗೆ ಬ್ಯಾಡ್ವಾ?" ಎಂದು ಅವನು ಒಂದು ಸಲ ಕೇಳಿದ. ಎರಡನೇ ಸಲ ಕೇಳಬೇಕಾಗಿತ್ತು, ಕೇಳಲಿಲ್ಲ.

ನಂಜುಂಡ ಪಾಸಾದ. ಅವಳು ಕೂದಲೆಳೆಯಲ್ಲಿ ಫೇಲಾದಳು. ಮನೆಯಲ್ಲಿ ಯಾರಿಗೂ ಇದು ಅನ್ಯಾಯ ಅನ್ನಿಸಲಿಲ್ಲ, ಅವಳಿಗೂ ಅನ್ನಿಸಲಿಲ್ಲ. ಒಂದೇ ಕೊಡೆ ಇದ್ದ ಮನೆಯಲ್ಲಿ ಯಾರು ಹೊರಗೆ ಹೊರಟರೋ ಅವರಿಗೆ ಕೊಡೆ ಕೊಡುವುದಿಲ್ಲವೇ, ಹಾಗೆಯೇ ಇದೂ ನಡೆದುಹೋಯಿತು. ಮುಂದಿನ ಸಲ ಅವಳು ಪುಸ್ತಕ ಹಿಡಿದು ಒಬ್ಬಳೇ ಹೋಗಿ ಬರೆದು ಬಂದಳು. ಫಲಿತಾಂಶ ಬರುವುದು ತಡವಾಯಿತು. ಇವತ್ತು ಬರುತ್ತದೆ, ನಾಳೆ ಬರುತ್ತದೆ ಅನ್ನುತ್ತಾ ಕಾಫಿ ಹೂವಾಗಿದ್ದು ಕಾಯಾಯಿತು. ಆ ನಡುವೆ ಬಡ್ತಿಯ ಸಭೆ ನಡೆಯಿತು. ಪಾಸಾದವರನ್ನು ಮಾತ್ರ ನೋಡಿದರು. ಗಂಗಾಮಣಿಯ ಹೆಸರು ಹಾರಿಸಿ ಕೆಳಗಿದ್ದ ನಂಜುಂಡನಿಗೆ ಪ್ರಥಮ ದರ್ಜೆ ಕೊಟ್ಟು ಆಲೂರು ತಾಲ್ಲೂಕು ಕಚೇರಿಗೆ ಹಾಕಿದರು.

ಅವತ್ತು ಗಂಗಾಮಣಿ ಸಂಭ್ರಮದಿಂದ ಕಡುಬು ಮಾಡಿ ಕೋಳಿ ಸಾರು ಮಾಡಿದಳು. ನಿಜವಾದ ಸಂಭ್ರಮ, ನಟನೆಯಲ್ಲ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಮುಂದೆ ಕಚೇರಿಯ ಜನ ಅವಳ ಬಗ್ಗೆ ಆಡಿದ ಮಾತಿನಲ್ಲಿ ಈ ಕಡುಬಿನ ವಿಚಾರ ಎಲ್ಲೂ ಬರಲಿಲ್ಲ.

ಕೆಲವು ವಾರಗಳಾದ ಮೇಲೆ ಅವಳ ಫಲಿತಾಂಶ ಬಂತು, ಪಾಸು. ಅವಳು ಪರೀಕ್ಷೆ ಬರೆದದ್ದು ಸಭೆಗಿಂತ ಎಷ್ಟೋ ಮುಂಚೆ. ಪಾಸಾದದ್ದು ಬರೆದ ದಿನದಿಂದ ಲೆಕ್ಕವೋ, ಫಲಿತಾಂಶ ಬಂದ ದಿನದಿಂದ ಲೆಕ್ಕವೋ? ಗಂಗಾಮಣಿ ಮೇಲಿನ ಕಚೇರಿಗೆ ಮನವಿ ಕೊಟ್ಟಳು. "ಕೊಡು ಮಾರಾಯ್ತಿ, ಕೊಡಾಕೇನು" ಎಂದು ನಂಜುಂಡನೇ ಹೇಳಿದ. ಪರಿಗಣಿಸಲು ಬರುವುದಿಲ್ಲ ಎಂಬ ಹಿಂಬರಹ ಬಂತು. ಆಗ ಅವಳು ಬೆಂಗಳೂರಿನ ಆಡಳಿತ ನ್ಯಾಯಮಂಡಳಿಯಲ್ಲಿ ವಕೀಲಿ ಮಾಡುತ್ತಿದ್ದ ಆಲೂರು ಕಡೆಯವರೇ ಆದ ಚನ್ನಬಸವಯ್ಯನವರನ್ನು ಕಾಣಲು ಹೊರಟಳು. ಇವನೂ ಜೊತೆಗೆ ಹೊರಟ.

ಚನ್ನಬಸವಯ್ಯನವರು ಕಾಗದಗಳನ್ನೆಲ್ಲ ನೋಡಿ, "ಗಟ್ಟಿ ಕೇಸು. ಎರಡೂ ಕಡೆ ತೀರ್ಪುಗಳಿವೆ, ಆದರೂ ಗಟ್ಟಿ" ಅಂದರು. ಆಮೇಲೆ ಕನ್ನಡಕದ ಮೇಲಿಂದ ನಂಜುಂಡನನ್ನು ನೋಡಿ, "ಇವರು ಯಾರು?" ಅಂದರು.

"ನಮ್ಮನೆಯವ್ರು."

"ಇವರ ಹೆಸರು?"

"ನಂಜುಂಡ" ಅಂದ ಇವನು.

ವಕೀಲರು ಕಾಗದ ನೋಡಿದರು, ಇವನನ್ನು ನೋಡಿದರು. "ಅಲ್ಲಮ್ಮ, ಯಾರ ಮೇಲೆ ಕೇಸು ಹಾಕ್ಬೇಕೋ ಅವರನ್ನೇ ಜೊತೆಗೆ ಕರ್ಕೊಂಡು ಬಂದಿದ್ದೀಯಲ್ಲ! ನೀನು ಗೆದ್ರೆ ಒಬ್ಬರು ಕೆಳಗಿಳೀಬೇಕು. ಇರೋದು ಒಂದು ಹುದ್ದೆ. ಇಳಿಯೋರು ಇವರೇ. ಅದು ಗೊತ್ತೋ ಇಲ್ವೋ?"

ಗಂಗಾಮಣಿಗೆ ಗೊತ್ತಿರಲಿಲ್ಲ. ಇಬ್ಬರಿಗೂ ಜಾಗ ಮಾಡಿಕೊಡುತ್ತಾರೆ ಎಂದುಕೊಂಡಿದ್ದಳು ಪಾಪ. ಅವಳ ಮುಖ ಬಿಳಿಚಿತು. ಅದನ್ನು ನೋಡಲಾರದೆ ನಂಜುಂಡ, "ಹಾಕ್ಲಿ ಸಾರ್, ನಂದೇನೂ ಅಡ್ಡಿಯಿಲ್ಲ" ಅಂದುಬಿಟ್ಟ. ನಾಲಿಗೆ ಹೇಳಿದ್ದಕ್ಕೆ ಹೊಟ್ಟೆ ಒಪ್ಪಿರಲಿಲ್ಲ. ಬರುವಾಗ ಬಸ್ಸಿನಲ್ಲಿ ಹಾಸನದವರೆಗೂ ಕಿಟಕಿಯಾಚೆ ನೋಡುತ್ತಾ ಕೂತ.

ಅವನಿಗೆ ಆಲೂರಿನ ಆ ಮೇಜು ಇಷ್ಟವಾಗಿತ್ತು. ಸಂಬಳದ ಮಾತಲ್ಲ. ಅವನು ಬಂದು ಕೂತ ಮೇಲೆ ಆ ಮೇಜಿನಿಂದ ಕೆಲಸ ಆಗುತ್ತದೆ ಎಂದು ಸುತ್ತಲಿನ ಹಳ್ಳಿಗಳಲ್ಲಿ ಹೆಸರಾಗಿತ್ತು. ವೃದ್ಧಾಪ್ಯ ವೇತನ ನಿಂತುಹೋದ ಮುದುಕಿಯರು ಬೇರೆ ಯಾರನ್ನೂ ಕೇಳದೆ ಸೀದಾ ಅವನ ಹತ್ತಿರ ಬರುತ್ತಿದ್ದರು. "ನಿನ್ ಹೊಟ್ಟೆ ತಣ್ಣಗಿರ್ಲಿ ಕಣಪ್ಪ" ಎಂದು ಒಬ್ಬಳು ಒಂದು ಸೀಬೆಹಣ್ಣು ಇಟ್ಟು ಹೋಗಿದ್ದಳು. ಅಲ್ಲಿಯವರೆಗೆ ನಂಜುಂಡ ತನ್ನನ್ನು ಅಂಥ ಕೆಲಸಗಾರ ಎಂದೇನೂ ಅಂದುಕೊಂಡಿರಲಿಲ್ಲ. ತಡವಾಗಿ ಸಿಕ್ಕ ಮರ್ಯಾದೆಯನ್ನು ಬಿಡುವುದು ಬಲು ಕಷ್ಟ.

ಹಾಗಾಗಿ ನೋಟೀಸು ಬಂದ ಸಂಜೆ ಅವನು ಕಾಫಿ ಬಿಟ್ಟು ನೋಟೀಸನ್ನು ಎರಡೆರಡು ಸಲ ಓದಿದ. ಅರ್ಜಿದಾರರು: ಶ್ರೀಮತಿ ಗಂಗಾಮಣಿ ಕೋಂ ನಂಜುಂಡ. ಪ್ರತಿವಾದಿಗಳು: ಒಂದರಿಂದ ಮೂರರವರೆಗೆ ಸರ್ಕಾರ, ಇಲಾಖೆ, ಜಿಲ್ಲೆಯ ಅಧಿಕಾರಿ. ನಾಲ್ಕನೆಯವರು: ನಂಜುಂಡ. ಮೇಲೆ ಅವನ ಹೆಸರು ಹಿಡಿದೇ ಅವಳು ಯಾರೆಂದು ಹೇಳಿದ್ದರು, ಕೆಳಗೆ ಅವನನ್ನೇ ಎದುರಾಳಿ ಮಾಡಿದ್ದರು. "ಹಾಕ್ಲಿ" ಅಂದವನು ತಾನೇ ಎಂಬುದು ಆಗ ಅವನಿಗೆ ನೆನಪಾಗಲಿಲ್ಲ, ನೆನಪಾಗಿದ್ದರೂ ಪ್ರಯೋಜನವಿರಲಿಲ್ಲ.

ಮರುದಿನ ಕಚೇರಿಯಲ್ಲಿ ಪಕ್ಕದ ಮೇಜಿನ ದೇವೇಂದ್ರ ಉರಿಯುವ ಬೆಂಕಿಗೆ ತುಪ್ಪ ಹೊಯ್ದ. "ಏನ್ ನಂಜುಂಡಣ್ಣ, ಮನೆಯವ್ರೇ ಕೋರ್ಟಿಗೆ ಎಳೆದ್ಬುಟ್ರಂತೆ? ಸುಮ್ಕಿರಬ್ಯಾಡ ಕಣಣ್ಣ. ತಕರಾರು ಹಾಕು. ಒಂದ್ಸಲ ಕೆಳಗಿಳಿದ್ರೆ ಮತ್ತೆ ಯಾವ ಕಾಲಕ್ಕೋ ಏನೋ. ನಾಳೆ ಹೆಂಡ್ತಿಗೆ ಮೇಡಮ್ಮು ಅಂತೀಯಾ?"

ಹೆಂಡತಿಗೆ ಮೇಡಮ್ಮು ಅನ್ನುವುದರಲ್ಲಿ ಏನು ತಪ್ಪು ಎಂದು ನಂಜುಂಡ ತಿರುಗಿ ಕೇಳಬಹುದಾಗಿತ್ತು. ಕೇಳಲಿಲ್ಲ. ಮನೆಗೆ ಬಂದು ಮಾತು ಬಿಟ್ಟ.

ಮಾತು ಬಿಡುವುದೂ ಅಂಥ ಸುಲಭವಲ್ಲ. ಒಂದೇ ಮನೆ, ಒಂದೇ ಅಡುಗೆ. "ದೀಪಾ, ಸಾರಿಗೆ ಉಪ್ಪು ಕಮ್ಮಿಯಾಗೈತೆ ಅಂತ ಹೇಳು ನಿಮ್ಮಮ್ಮಂಗೆ" ಅನ್ನುತ್ತಿದ್ದ, ನಿಮ್ಮಮ್ಮ ಎದುರಿಗೇ ಸೌಟು ಹಿಡಿದು ನಿಂತಿರುತ್ತಿದ್ದಳು. ಪಿಯುಸಿ ಓದುತ್ತಿದ್ದ ದೀಪಶ್ರೀ ಎರಡು ದಿನ ಸಹಿಸಿಕೊಂಡಳು. ಮೂರನೇ ದಿನ ತಟ್ಟೆ ಎತ್ತಿಕೊಂಡು ಎದ್ದಳು. "ಅಪ್ಪಾ, ನಾನೇನು ನಿಮ್ಮ ಅಂಚೆ ಮಾಮನಾ? ಉಪ್ಪು ಬೇಕಾದ್ರೆ ನೀವೇ ಕೇಳಿ." ಗಂಗಾಮಣಿ ಉಪ್ಪಿನ ಡಬ್ಬಿ ತಂದು ಅವನ ಮುಂದೆ ಇಟ್ಟಳು. ಅವಳ ಕಣ್ಣು ಕೆಂಪಾಗಿತ್ತು. ಅದನ್ನು ಕಂಡು ನಂಜುಂಡನಿಗೆ ಸಂಕಟವಾಯಿತು, ಆದರೆ ಗಂಡಸಿನ ಹಟ, ಸಂಕಟವಾದರೂ ಬಾಯಿ ಬಿಡಲಿಲ್ಲ.

ಅಷ್ಟರಲ್ಲಿ ಬೆಂಗಳೂರಿನಿಂದ ಚನ್ನಬಸವಯ್ಯನವರ ಫೋನು ಬಂತು. ಗಂಗಾಮಣಿ ಸ್ಪೀಕರ್ ಹಾಕಿದಳು, ಮಾತು ಬಿಟ್ಟವನಿಗೂ ಕೇಳಿಸಲಿ ಎಂದು.

"ಏನಮ್ಮ ನೀನು ಮಾಡಿದ್ದು? ನಾಲ್ಕನೇ ಪ್ರತಿವಾದಿಗೆ ಹೋದ ನೋಟೀಸಿನ ಸ್ವೀಕೃತಿ ಮೇಲೆ ಗಂಗಾಮಣಿ ಅಂತ ಸಹಿ ಇದೆ! ಅರ್ಜಿದಾರಳೇ ಎದುರು ಕಡೆಯವರ ನೋಟೀಸು ತಗೊಂಡ್ರೆ ಅದು ತಲುಪಿದ ಹಾಗಾ? ಪೀಠದವರು ನಕ್ಕು ಸಾಕಾದರು. ಮುಂದಿನ ತಾರೀಕಿಗೆ ನಾಲ್ಕನೇ ಪ್ರತಿವಾದಿ ಖುದ್ದು ಹಾಜರಾಗ್ಬೇಕಂತೆ."

"ಅವ್ರ ಕಾಗದ ಯಾವಾಗ್ಲೂ ನಾನೇ ತಗೊಳ್ಳೋದಲ್ವಾ ಸಾರ್" ಎಂದಳು ಗಂಗಾಮಣಿ ಸಣ್ಣ ದನಿಯಲ್ಲಿ.

ನಂಜುಂಡನಿಗೆ ನಗು ಬಂತು. ನಗಬಾರದೆಂದು ತುಟಿ ಕಚ್ಚಿಕೊಂಡು ಅಂಗಳಕ್ಕೆ ಹೋದ.

ಆ ತಾರೀಕಿಗೆ ಇಬ್ಬರೂ ಹೊರಟರು. ಬೇರೆ ಬೇರೆ ಹೋಗುವ ಯೋಚನೆ ಇಬ್ಬರಿಗೂ ಬರಲಿಲ್ಲ. ಅವಳು ಅವನ ಅಂಗಿಗೆ ಇಸ್ತ್ರಿ ಹಾಕಿದಳು, ಒಂದೇ ಡಬ್ಬಿಗೆ ಇಬ್ಬರ ಬುತ್ತಿ ಕಟ್ಟಿದಳು. ಬಸ್ಸಿನಲ್ಲಿ ಹೆಂಗಸರಿಗೆ ಫ್ರೀ. ಕಂಡಕ್ಟರ್ ಅರ್ಜಿದಾರಳಿಗೆ ಸೊನ್ನೆಯ ಟಿಕೆಟ್ ಹರಿದುಕೊಟ್ಟು ಪ್ರತಿವಾದಿಯ ಹತ್ತಿರ ದುಡ್ಡು ಇಸಿದುಕೊಂಡ. ಚನ್ನರಾಯಪಟ್ಟಣ ದಾಟುವ ಹೊತ್ತಿಗೆ ಗಂಗಾಮಣಿಗೆ ನಿದ್ದೆ ಬಂದು ತಲೆ ಅವನ ಹೆಗಲಿಗೆ ವಾಲಿತು. ಅವನು ಹೆಗಲು ಅಲುಗಿಸದೆ ಕೂತ. ಅವನ ಜೇಬಿನಲ್ಲಿ ದೇವೇಂದ್ರ ಬರೆಸಿಕೊಟ್ಟಿದ್ದ ತಕರಾರಿನ ಕಾಗದವಿತ್ತು. ಸಹಿ ಹಾಕಿ ಕೊಡುವುದಷ್ಟೇ ಬಾಕಿ. ಕೊಡುವುದೋ ಬಿಡುವುದೋ ಎಂದು ಅವನು ಇನ್ನೂ ತೀರ್ಮಾನ ಮಾಡಿರಲಿಲ್ಲ.

ನ್ಯಾಯಮಂಡಳಿಯ ಕೊಠಡಿಯಲ್ಲಿ ಅವರ ಸರದಿ ಬಂತು. ಪೀಠದಲ್ಲಿದ್ದ ಹಿರಿಯರು ಕಾಗದ ಮಗುಚಿ, "ಅರ್ಜಿದಾರರ ವಿಳಾಸ, ನಾಲ್ಕನೇ ಪ್ರತಿವಾದಿಯ ವಿಳಾಸ ಎರಡೂ ಒಂದೇ ಇದೆಯಲ್ಲ?" ಅಂದರು.

ಚನ್ನಬಸವಯ್ಯನವರು ಕೆಮ್ಮಿದರು. "ಒಂದೇ ಮನೆ ಸ್ವಾಮಿ. ಗಂಡ ಹೆಂಡತಿ."

ಕೊಠಡಿಯಲ್ಲಿ ನಗು ಎದ್ದಿತು. ಕೇಸಿಲ್ಲದ ವಕೀಲರೂ ಕತ್ತು ಚಾಚಿ ನೋಡಿದರು. ಹಿರಿಯರೂ ನಕ್ಕರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದರು. "ಏನಮ್ಮ, ಗಂಡನ ಬಡ್ತಿ ಅಂದ್ರೆ ನಿಮ್ಮದೂ ಅಲ್ವಾ? ಇದನ್ನ ಮನೆಯಲ್ಲೇ ಕೂತು ಇತ್ಯರ್ಥ ಮಾಡ್ಕೋಬಹುದಿತ್ತಲ್ಲ?"

ಗಂಗಾಮಣಿ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಸ್ವಾಮಿ, ಮನೇಲಿ ಕೂತ್ರೆ ನಾನೇ ಬಿಟ್ಕೊಡ್ತೀನಿ. ಅದು ನಂಗೂ ಗೊತ್ತು, ಅವ್ರಿಗೂ ಗೊತ್ತು. ಮನೇಲಿ ನಂಗೆ ಬಿಟ್ಕೊಡೋದು ಬಿಟ್ಟು ಬ್ಯಾರೆ ಬರಾಕಿಲ್ಲ. ಅದಕ್ಕೇ ಇಲ್ಲಿಗೆ ಬಂದೆ."

ಕತ್ತು ಚಾಚಿದ್ದವರು ಹಿಂದಕ್ಕೆ ಸರಿದರು.

ನಂಜುಂಡ ತಲೆ ತಗ್ಗಿಸಿದ. ಹಾಸನದ ಆ ಗೇಟು ಅವನ ಕಣ್ಣ ಮುಂದೆ ಬಂತು. ಪುಸ್ತಕವನ್ನು ಅವಳು ಕೊಟ್ಟಿದ್ದಳು ನಿಜ. ಆದರೆ ತಾನು ಕೈ ಚಾಚಿಯೇ ನಿಂತಿದ್ದೆನಲ್ಲ ಎಂದು ಅವನಿಗೆ ಆಗ ಹೊಳೆಯಿತು. ಅದೊಂದೇ ಅಲ್ಲ. ಮೀನಿನ ದೊಡ್ಡ ತುಂಡು, ಬಸ್ಸಿನ ಕಿಟಕಿ ಪಕ್ಕದ ಸೀಟು, ಮಗಳು ಸಣ್ಣವಳಿದ್ದಾಗಿನ ನಿದ್ದೆ, ಎಲ್ಲವೂ ಹಾಗೆಯೇ ಬಂದಿದ್ದವು. ಅವಳು ಕೇಳಿ ಪಡೆದದ್ದು ಅಂತ ಒಂದೂ ಅವನಿಗೆ ನೆನಪಾಗಲಿಲ್ಲ. ಈಗ ಮೊದಲ ಸಲ ಕೇಳುತ್ತಿದ್ದಾಳೆ, ಅದನ್ನೂ ಅವನ ಹತ್ತಿರ ಕೇಳಲಾರದೆ ಇಷ್ಟು ದೂರ ಬಂದು ಗುರುತಿಲ್ಲದವರ ಹತ್ತಿರ ಕೇಳುತ್ತಿದ್ದಾಳೆ. ಅವನಿಗೆ ಅವಳ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಗಿ ಪ್ರೀತಿ ಉಕ್ಕಿ ಬಂತು. ಜೊತೆಗೆ ನಾಚಿಕೆಯೂ ಬಂತು.

"ನಾಲ್ಕನೇ ಪ್ರತಿವಾದಿ, ನಿಮ್ಮ ತಕರಾರು ಏನಾದರೂ ಇದೆಯಾ?" ಅಂದರು ಹಿರಿಯರು.

"ಇಲ್ಲ ಸ್ವಾಮಿ."

"ಯೋಚನೆ ಮಾಡಿ ಹೇಳಿ. ನಿಮಗೆ ಹಿಂಬಡ್ತಿ ಆಗಬಹುದು."

"ಗೊತ್ತು ಸ್ವಾಮಿ. ಅವ್ರು ನನಗಿಂತ ಮೊದಲು ಕೆಲಸಕ್ಕೆ ಸೇರಿದವ್ರು. ನಂಗೆ ಕೆಲಸ ಕಲಿಸಿದವ್ರೂ ಅವ್ರೇ. ಅದು ಅವ್ರಿಗೆ ಸೇರಬೇಕಾದ ಜಾಗ."

"ಮನೆಯಲ್ಲಿ ಒತ್ತಡ ಏನೂ ಇಲ್ಲ ತಾನೇ?"

"ಒತ್ತಡ ಎಲ್ಲಿಂದ ಬಂತು ಸ್ವಾಮಿ, ಹದಿನೈದು ದಿನದಿಂದ ನಾನು ಮಾತೇ ಆಡಿಲ್ಲ" ಅಂದ ನಂಜುಂಡ. ಈ ಸಲ ನಗುವಿಗೆ ಗಂಗಾಮಣಿಯ ನಗುವೂ ಸೇರಿತು, ಅವಳು ಸೆರಗಿನಿಂದ ಕಣ್ಣೂ ಒರೆಸಿಕೊಳ್ಳುತ್ತಿದ್ದಳು.

ಗಂಡ ಒಪ್ಪಿದ ಎಂದು ಕಾನೂನು ಒಪ್ಪುವುದಿಲ್ಲ. ಸರ್ಕಾರದ ವಕೀಲರು ಬಹಳ ಹೊತ್ತು ವಾದ ಮಾಡಿದರು, ಚನ್ನಬಸವಯ್ಯನವರು ಅದಕ್ಕಿಂತ ಹೆಚ್ಚು ಹೊತ್ತು ಮಾಡಿದರು. ಪೀಠದವರು ತೀರ್ಪನ್ನು ಕಾದಿರಿಸಿದರು. ಮಧ್ಯಾಹ್ನ ಇಬ್ಬರೂ ಹೊರಗಿನ ಮರದಡಿಯ ಕಟ್ಟೆಯ ಮೇಲೆ ಕೂತು ಡಬ್ಬಿ ಬಿಚ್ಚಿದರು. ಗಂಗಾಮಣಿ ರೊಟ್ಟಿ ಮುರಿದಳು, ಬಾಯಿಗಿಡಲಿಲ್ಲ.

"ನಾನು ಗೆದ್ರೆ ನಿಮ್ಮನ್ನ ಕೈಯಾರೆ ಕೆಳಗೆ ತಳ್ಳ್ದಂಗಾಯ್ತದಲ್ರೀ" ಅಂದಳು. "ವಾಪಸ್ ತಗೊಂಡ್ಬುಡ್ಲಾ? ಚನ್ನಬಸವಯ್ಯನೋರು ಇನ್ನೂ ಒಳಗೇ ಅವ್ರೆ."

ನೋಡಿ, ಅಷ್ಟೆಲ್ಲ ಆಡಿ ಬಂದವಳು ಮಧ್ಯಾಹ್ನದೊಳಗೆ ಮತ್ತೆ ಬಿಟ್ಟುಕೊಡಲು ಹೊರಟಿದ್ದಳು.

"ಸುಮ್ಕೆ ತಿನ್ನು ಗಂಗಾ" ಅಂದ ನಂಜುಂಡ. "ನಂಗೆ ಹೊಟ್ಟೆ ಉರಿದಿದ್ದು ನಿಜ. ಸುಳ್ಳು ಹೇಳಾಕಿಲ್ಲ, ಈಗ್ಲೂ ಒಂಚೂರು ಉರೀತಾ ಐತೆ. ಆ ಮೇಜು ನಂಗೆ ಇಷ್ಟ ಆಗ್ಬುಟ್ಟಿತ್ತು. ಆದ್ರೆ ನೀನು ವಾಪಸ್ ತಗೊಂಡ್ರೆ ನಾನು ಅಲ್ಲಿ ನೆಟ್ಟಗೆ ಕೂರಾಕಾಯ್ತದಾ? ಜನ ಬಂದು ಸಾರ್ ಅಂದಾಗೆಲ್ಲ ಕದ್ದವ್ನಂಗೆ ಅನ್ಸ್ತದೆ ಕಣೇ. ಅದು ಬ್ಯಾಡ ನಂಗೆ."

ಅವಳು ರೊಟ್ಟಿಯ ದೊಡ್ಡ ಚೂರನ್ನು ಅವನ ಕಡೆ ಸರಿಸಿದಳು. ಅವನು ಅದನ್ನು ಅವಳ ಕಡೆಗೇ ಸರಿಸಿದ. ಹೀಗೆ ಅತ್ತಿತ್ತ ಎರಡು ಸಲ ಹೋದ ಮೇಲೆ ಅವಳೇ ತಿಂದಳು. ಜೇಬಿನಲ್ಲಿದ್ದ ದೇವೇಂದ್ರನ ಕಾಗದದಲ್ಲಿ ನಂಜುಂಡ ಕೈ ಒರೆಸಿಕೊಂಡು ಎಸೆದ.

ಕಾಫಿ ಕುಯ್ಲು ಮುಗಿಯುವ ಹೊತ್ತಿಗೆ ತೀರ್ಪು ಬಂತು. ಗಂಗಾಮಣಿ ಪರೀಕ್ಷೆ ಬರೆದು ಮುಗಿಸಿದ ದಿನವನ್ನೇ ಹಿಡಿಯಬೇಕು, ಅವಳ ಹೆಸರನ್ನು ಬಿಟ್ಟದ್ದು ಸರಿಯಲ್ಲ, ಮತ್ತೆ ಪರಿಶೀಲಿಸಿ ಎಂದಿತ್ತು. ಇಲಾಖೆ ಅಳೆದೂ ಸುರಿದೂ ಕೊನೆಗೆ ಆದೇಶ ಹೊರಡಿಸಿತು. ಗಂಗಾಮಣಿಗೆ ಪ್ರಥಮ ದರ್ಜೆ, ಆಲೂರು. ನಂಜುಂಡ ಮುಂದಿನ ಹುದ್ದೆ ಖಾಲಿಯಾಗುವವರೆಗೆ ಹಿಂದಿನ ದರ್ಜೆಗೆ, ಅವಳಿಂದ ತೆರವಾದ ಕೆ. ಹೊಸಕೋಟೆಯ ನಾಡಕಚೇರಿಗೆ. ಅವಳು ಇವನಿಂದ ಪ್ರಭಾರ ವಹಿಸಿಕೊಳ್ಳಬೇಕು.

ಆ ಬೆಳಿಗ್ಗೆ ಒಂದೇ ಬಸ್ಸಿನಲ್ಲಿ ಆಲೂರಿಗೆ ಬಂದರು. ಕಚೇರಿಯವರೆಲ್ಲ ಕೆಲಸವಿದ್ದವರಂತೆ ಕಾಗದ ಹಿಡಿದು ಅದೇ ಕೋಣೆಯಲ್ಲಿ ಸುಳಿದಾಡುತ್ತಿದ್ದರು. ದೇವೇಂದ್ರ ತನ್ನ ಮೇಜಿನಿಂದ ಕಣ್ಣು ಕೀಳಲಿಲ್ಲ. ನಂಜುಂಡ ಬೀರುವಿನ ಬೀಗದ ಕೈ ಕೊಟ್ಟ, ಕಡತಗಳನ್ನು ಒಂದೊಂದಾಗಿ ತೋರಿಸಿದ. "ಇದು ದೇವೀರಪ್ಪನೋರ ಪಾಣಿ ತಿದ್ದುಪಡಿ, ಬೇಗ ಆಗ್ಬೇಕು. ಈ ಕಟ್ಟು ಪೂರ್ತಿ ವೃದ್ಧಾಪ್ಯ ವೇತನ. ಇದರಲ್ಲಿ ಒಬ್ಬಜ್ಜಿ ಬತ್ತಾಳೆ, ಕಿವಿ ಕೇಳಾಕಿಲ್ಲ, ಒಸಿ ಜೋರಾಗಿ ಮಾತಾಡು" ಅಂದ. ಹೇಳುತ್ತಾ ಹೇಳುತ್ತಾ ಆ ಕಟ್ಟಿನ ದಾರ ಬಿಚ್ಚಿ ಮತ್ತೆ ಕಟ್ಟಿದ. ಗಂಗಾಮಣಿ ಎಲ್ಲದಕ್ಕೂ ಹೂಂ ಅಂದಳು. ಇಬ್ಬರೂ ಸಹಿ ಹಾಕಿದರು, ಅವನು ಕೊಟ್ಟವರ ಜಾಗದಲ್ಲಿ, ಅವಳು ತೆಗೆದುಕೊಂಡವರ ಜಾಗದಲ್ಲಿ.

"ಕೂತ್ಕೋ" ಅಂದ ನಂಜುಂಡ.

"ಇರ್ಲಿ, ಕೂತ್ಕೊಂಡ್ರಾಯ್ತು ಬಿಡಿ."

"ಕೂತ್ಕೋ ಅಂದ್ರೆ."

ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತೇ ಇದ್ದಳು. ನಂಜುಂಡನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. ಗಂಡ ಎದುರಿಗೆ ನಿಂತಿರುವಾಗ ಕೂತು ಅವಳಿಗೆ ಅಭ್ಯಾಸವಿಲ್ಲ. ಬೆಂಗಳೂರಿನಲ್ಲಿ ಪೀಠದ ಮುಂದೆ ಅಷ್ಟು ಮಾತಾಡಿದವಳು, ಗೆದ್ದು ಬಂದವಳು, ಅವನೆದುರು ಆ ಕುರ್ಚಿ ಎಳೆದುಕೊಂಡು ಕೂರಲಾರದೆ ಒದ್ದಾಡುತ್ತಿದ್ದಳು. ಹೇಳಿ ಕೂರಿಸುವಂಥದ್ದಲ್ಲ ಅದು.

"ನಂಗೆ ಬಸ್ಸಿಗೆ ಹೊತ್ತಾಯ್ತು" ಎಂದು ಅವನು ಚೀಲ ಹೆಗಲಿಗೇರಿಸಿ ಹೊರಟುಬಿಟ್ಟ.

ಜಗಲಿಗೆ ಬಂದವನು ಹೋಗಲಿಲ್ಲ. ಕಂಬದ ಮರೆಯಲ್ಲಿ, ಒಳಗಿನವರಿಗೆ ಕಾಣದ ಹಾಗೆ ನಿಂತು ಕಿಟಕಿಯಿಂದ ನೋಡಿದ. ಗಂಗಾಮಣಿ ಬಾಗಿಲ ಕಡೆಯೇ ನೋಡುತ್ತಿದ್ದಳು. ಅವನು ನಿಜವಾಗಿಯೂ ಹೋದನೇ ಎಂದು ಖಾತ್ರಿ ಮಾಡಿಕೊಳ್ಳುವವಳಂತೆ ಸ್ವಲ್ಪ ಹೊತ್ತು ನೋಡಿದಳು. ಮುದುಕನೊಬ್ಬ ಮೇಜಿನ ಹತ್ತಿರ ಬಂದು ಟವೆಲಿನ ಗಂಟಿನಿಂದ ಏನೋ ಕಾಗದ ಬಿಚ್ಚತೊಡಗಿದ. ಅವಳು ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕುರ್ಚಿ ಎಳೆದುಕೊಂಡು ಕೂತಳು. ಬೆನ್ನನ್ನು ಪೂರ್ತಿ ಒರಗಿಸಿ ಕೂತು, "ಕೊಡಿ, ನೋಡೋಣ" ಎಂದು ಕೈ ಚಾಚಿದಳು.

ಕಂಬದ ಹಿಂದೆ ನಂಜುಂಡನಿಗೆ ಅಳು ಬಂತು. ಸಂತೋಷಕ್ಕೋ ಸಂಕಟಕ್ಕೋ ಎಂದು ಕೇಳಿದರೆ ಎರಡಕ್ಕೂ ಅನ್ನಬೇಕು, ಸಂತೋಷದ್ದು ಒಂದು ಹಿಡಿ ಜಾಸ್ತಿ. ಮುಖ ಒರೆಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ದಡದಡ ನಡೆದ. ಹೊಸಕೋಟೆಯ ನಾಡಕಚೇರಿಯಲ್ಲಿ ಅವಳು ಬಿಟ್ಟು ಬಂದ ಮೇಜಿಗೆ ಅವನು ಮಧ್ಯಾಹ್ನದೊಳಗೆ ಹಾಜರಾಗಬೇಕಿತ್ತು.